ಕಣಿವೆಯಾಚೆಯ ಕೆಂಪು ಕಂಬಳಿ

ಶೆಫೀಲ್ಡ್ ಕೂಡ ರೋಮಿನ ಹಾಗೆ ಏಳು ಗುಡ್ಡಗಳ ಮೇಲಿನ ಊರು ಎನ್ನುವುದರಲ್ಲಿ ಇಲ್ಲಿ ಯಾರಿಗೂ ತಕರಾರಿಲ್ಲ. ಆ ಏಳು ಯಾವುವು ಎಂದು ಕೇಳಿದಿರೋ, ಜಗಳ ಶುರು. ಪ್ರತಿಯೊಬ್ಬನೂ ತನ್ನ ಗುಡ್ಡದಿಂದ ಎಣಿಸಲು ತೊಡಗುತ್ತಾನೆ. ಹೆಂಡತಿಯ ತವರಿನ ಗುಡ್ಡ ಬರುವಷ್ಟರಲ್ಲಿ ಏಳು ಮುಗಿದಿರುತ್ತದೆ.

ಹೊರೇಸ್ ಡ್ರಾಬಲ್‌ನ ಪಟ್ಟಿ ವಾಕ್ಲಿಯಿಂದ ಶುರುವಾಗುತ್ತಿತ್ತು. ಅವನು ಹುಟ್ಟಿದ್ದು ಅಲ್ಲಿ, ಮೂವತ್ತನಾಲ್ಕು ವರ್ಷ ಟಪಾಲು ಹಂಚಿ ಮಂಡಿ ಸವೆಸಿಕೊಂಡಿದ್ದೂ ಅಲ್ಲಿ. ರಿವೆಲಿನ್ ಹೊಳೆಯಾಚೆ ಮೂಗಿನೆದುರಿಗೇ ನಿಂತಿದ್ದ ಸ್ಟ್ಯಾನಿಂಗ್ಟನ್ ಗುಡ್ಡಕ್ಕೆ ಅವನ ಪಟ್ಟಿಯಲ್ಲಿ ಜಾಗವಿರಲಿಲ್ಲ. ಅದು ನಗರದ ಗಡಿಯೊಳಗೇ ಇಲ್ಲ, ಅಲ್ಲಿ ಮನುಷ್ಯರಿಗಿಂತ ಕುರಿಗಳೇ ಜಾಸ್ತಿ ಎನ್ನುತ್ತಿದ್ದ.

ಅವನಪ್ಪ ಕಲ್ಲುಗಣಿಯಲ್ಲಿ ದುಡಿದವನು. ಗಟ್ಟಿ ಮರಳುಗಲ್ಲು ಗುಡ್ಡವಾಗಿ ಉಳೀತು, ಮೆತ್ತಗಿನ ಪದರವೆಲ್ಲ ಕರಗಿ ಹೊಳೆ ಪಾಲಾಯ್ತು ಎಂದು ಮಗನಿಗೆ ಹೇಳಿಕೊಟ್ಟಿದ್ದ. ಹೊರೇಸನಿಗೆ ಆ ಪಾಠ ತಲೆಗಿಂತ ಮಂಡಿಗೆ ಚೆನ್ನಾಗಿ ಹತ್ತಿತ್ತು. ಏರು ಎದೆಗೆ ಬಂದು ಒದೆಯುವ ಕಡೆ ಅಡಿಯಲ್ಲಿ ಮರಳುಗಲ್ಲು, ಬೇಲಿಗಳು ಕುಡುಕರಂತೆ ವಾಲಿದ ಕಡೆ ಮೆತ್ತನೆ ಪದರ. ಕಣ್ಣು ಕಟ್ಟಿ ಬಿಟ್ಟರೂ ಯಾವ ಬೀದಿ ಎಂದು ಹೇಳಬಲ್ಲೆ ಎಂದು ಪಂದ್ಯ ಕಟ್ಟುತ್ತಿದ್ದ. ಗುಡ್ಡದ ಜನರೂ ಕಲ್ಲಿನ ಹಾಗೇ, ಗಟ್ಟಿ ಇದ್ದವರು ಮೇಲೆ ಉಳೀತಾರೆ ಎನ್ನುವುದು ಅವನ ಸ್ವಂತ ಸಿದ್ಧಾಂತ. ಹೆಂಡತಿ ತೀರಿಕೊಂಡು, ನೌಕರಿಯೂ ಮುಗಿದು, ಬೆಳಗಿನ ಚಹಾಕ್ಕೆ ಒಂದೇ ಲೋಟ ತೊಳೆಯುವ ಕಾಲ ಬಂದಾಗ ಆ ಸಿದ್ಧಾಂತ ಅಷ್ಟೇನೂ ಬೆಚ್ಚಗಿರಲಿಲ್ಲ.

ಐಡಾ ರೆವಿಟ್ ಸಿಕ್ಕಿದ್ದು ಕಣಿವೆಯ ತಳದಲ್ಲಿ, ಟ್ರಾಮಿಗೆ ಕಾಯುವಾಗ. ಆಕೆಯೂ ಗಂಡನನ್ನು ಕಳೆದುಕೊಂಡವಳು. ಹೊರೇಸ್ ತನ್ನ ವಿದ್ಯೆ ತೋರಿಸಲು ಹೋಗಿ, ಸಮನೆಲದಲ್ಲೂ ಮುಂದಕ್ಕೆ ವಾಲಿ ನಿಂತಿದ್ದೀರಿ, ನೀವು ಸ್ಟ್ಯಾನಿಂಗ್ಟನ್‌ನವರೇ ಇರಬೇಕು ಎಂದ. ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ವಾಕ್ಲಿಯವರಿಗೆ ಏರು ಹತ್ತಿ ಹತ್ತಿ ಉಸಿರೇ ಇರಲ್ಲ ಅಂತ ಕೇಳಿದ್ದೆ. ಮಾತಿಗೇನೂ ಕಮ್ಮಿ ಇಲ್ಲ ಬಿಡಿ."

ಅವತ್ತು ಹೊರೇಸ್ ಎರಡು ಟ್ರಾಮ್ ತಪ್ಪಿಸಿಕೊಂಡ. ಆಮೇಲೆ ವರ್ಷವಿಡೀ ಪ್ರತಿ ಗುರುವಾರ ಆಕೆಯ ಜೊತೆ ಮಾತಾಡುತ್ತ ಟ್ರಾಮ್ ತಪ್ಪಿಸಿಕೊಂಡ. ನವೆಂಬರಿನಲ್ಲಿ ಧೈರ್ಯ ಮಾಡಿ, ಮದುವೆಯಾಗಿ ವಾಕ್ಲಿಗೆ ಬರುತ್ತೀರಾ ಎಂದು ಕೇಳಿಯೇಬಿಟ್ಟ. ಐಡಾ ಯೋಚಿಸಬೇಕು ಎಂದಳು. ಇಪ್ಪತ್ತೆರಡು ವರ್ಷದಿಂದ ಸ್ಟ್ಯಾನಿಂಗ್ಟನ್ ಚಾಪೆಲ್‌ನಲ್ಲಿ ಪ್ರಾರ್ಥನೆ ಮುಗಿದ ಮೇಲಿನ ಚಹಾದ ಉಸ್ತುವಾರಿ ಆಕೆಯದು. ಆ ಕೆಟಲ್ಲಿನ ಹಿಡಿಕೆ ಇನ್ನೊಬ್ಬರ ಕೈಗೆ ಹೋಗುವುದೆಂದರೆ ಸಣ್ಣ ಮಾತಲ್ಲ. ಕಾಗದ ಬರೆಯುತ್ತೇನೆ ಎಂದಾಗ ಹೊರೇಸನೇ ಬೇಡವೆಂದ. ಹೆಂಗಸಿನ ಕೈಬರಹದ ಲಕೋಟೆ ನೋಡಿ ಟಪಾಲಿನವನು ಏನೇನು ಊಹಿಸುತ್ತಾನೆ, ಎಷ್ಟು ಮನೆಗೆ ಹೇಳುತ್ತಾನೆ ಎಂಬುದು ಅವನಿಗೆ ಗೊತ್ತಿಲ್ಲದ್ದೇ?

ಕೊನೆಗೆ ದಾರಿ ಹುಡುಕಿದ್ದು ಐಡಾ. ಚಾಪೆಲ್‌ಗೆ ತಗುಲಿದ ಆಕೆಯ ಹಿತ್ತಲಿನ ಬಟ್ಟೆ ಹಗ್ಗ ಕಣಿವೆಯ ಕಡೆಗೇ ಮುಖ ಮಾಡಿತ್ತು, ಅವನ ಹಿತ್ತಲಿಂದ ಕಾಣುತ್ತಿತ್ತು. ಸೋಮವಾರ ಎಲ್ಲರೂ ಬಟ್ಟೆ ಒಗೆಯುವ ದಿನ. ಹಗ್ಗದ ಮೇಲೆ ಕೆಂಪು ಕಂಬಳಿ ಕಂಡರೆ ಬರುತ್ತೇನೆ ಎಂದರ್ಥ. ಕಾಣದಿದ್ದರೆ ಇಲ್ಲ, ಮತ್ತೆ ಆ ಮಾತೆತ್ತಬಾರದು.

ಸೋಮವಾರ ಬೆಳಗ್ಗೆ ಹೊರೇಸ್ ಪಕ್ಕದ ಮನೆಯ ಸಿರಿಲ್‌ನಿಂದ ದುರ್ಬೀನು ಕೇಳಿ ತಂದ. ಸಿರಿಲ್ ಪಂದ್ಯದ ಪಾರಿವಾಳ ಸಾಕಿದವನು, ಹಕ್ಕಿ ಮರಳುವುದನ್ನು ಕಾಯಲು ಇಟ್ಟುಕೊಂಡಿದ್ದ ದುರ್ಬೀನು ಅದು. ಕಣ್ಣಿಗಿಟ್ಟು ನೋಡಿದರೆ ಎದುರಿಗೆ ಗುಡ್ಡವೇ ಇಲ್ಲ. ಕಾರ್ಖಾನೆಗಳ ಹೊಗೆ ಮಂಜಿನ ಜೊತೆ ಸೇರಿ ಕಣಿವೆಯನ್ನು ಅಂಚಿನವರೆಗೆ ತುಂಬಿತ್ತು. ಮಂಗಳವಾರವೂ ಅಷ್ಟೆ, ಬುಧವಾರವೂ ಅಷ್ಟೆ. ಗುರುವಾರ ಟ್ರಾಮಿನ ಕಡೆಗೂ ಅವನು ಹೋಗಲಿಲ್ಲ. ಒಪ್ಪಂದ ಎಂದರೆ ಒಪ್ಪಂದ, ಉತ್ತರ ಕಂಬಳಿಯೇ ಹೇಳಬೇಕು. ಪಟ್ಟಿಯಿಂದಲೇ ಹೊರಗಿಟ್ಟಿದ್ದ ಗುಡ್ಡಕ್ಕಾಗಿ ಡ್ರಾಬಲ್ ಸಾಹೇಬರು ದಿನಕ್ಕೆ ಹತ್ತು ಸಲ ಹಿತ್ತಲಿಗೆ ಓಡಾಡಿದರು.

"ಪಾರಿವಾಳ ಕಳ್ಕೊಂಡಿರೋನು ನಾನು. ನೀನ್ಯಾಕಯ್ಯ ಆಕಾಶ ಕಾಯ್ತಾ ಕೂತಿದೀಯ?" ಎಂದ ಸಿರಿಲ್.

ಹೊರೇಸ್ ಕೆಮ್ಮಿ ಒಳಗೆ ಹೋದ. ಶನಿವಾರದ ಹೊತ್ತಿಗೆ ಊಟ ಸೇರುತ್ತಿರಲಿಲ್ಲ. ಮಂಜಿನ ಹಿಂದೆ ಕಂಬಳಿ ಇದ್ದರೂ ಇಲ್ಲದಿದ್ದರೂ ಕಾಣುವುದು ಒಂದೇ ಬಿಳುಪು.

ಭಾನುವಾರ ಗಾಳಿ ಎದ್ದಿತು. ಹನ್ನೊಂದು ಗಂಟೆಗೆ ಸ್ಟ್ಯಾನಿಂಗ್ಟನ್ ಒಗೆದಿಟ್ಟ ಹಾಗೆ ಸ್ವಚ್ಛವಾಗಿ ಕಂಡಿತು. ಐಡಾಳ ಹಗ್ಗ ಬರಿದಾಗಿತ್ತು. ಬರಿದಾಗದೆ ಇನ್ನೇನು? ಆ ಗುಡ್ಡದಲ್ಲಿ ಭಾನುವಾರ ಬಟ್ಟೆ ಒಣಹಾಕುವುದೆಂದರೆ ದೇವರಿಗೇ ಬೆನ್ನು ತೋರಿಸಿದ ಹಾಗೆ. ಮೂವತ್ತು ವರ್ಷದ ಹಿಂದೆ ಯಾರೋ ಒಬ್ಬಾಕೆ ಭಾನುವಾರ ಒಂದು ಜೊತೆ ಕಾಲುಚೀಲ ಒಣಹಾಕಿದ್ದಳಂತೆ. ಇವತ್ತಿಗೂ ಆಕೆಯ ಮೊಮ್ಮಗಳನ್ನು ಕಾಲುಚೀಲದವಳ ಮೊಮ್ಮಗಳು ಎಂದೇ ಗುರುತಿಸುತ್ತಾರೆ. ಅದೆಲ್ಲ ಗೊತ್ತಿದ್ದೂ ಹೊರೇಸ್ ಆ ಖಾಲಿ ಹಗ್ಗವನ್ನು ತುದಿಯಿಂದ ತುದಿಗೆ ಎರಡು ಸಲ ನೋಡಿದ. ದುರ್ಬೀನು ಇಳಿಸುವುದರಲ್ಲಿದ್ದ, ಅಷ್ಟರಲ್ಲಿ ಚಾಪೆಲ್ ಬಾಗಿಲು ತೆರೆಯಿತು.

ಜನ ಹೊರಬಂದು ರಸ್ತೆಯಲ್ಲಿ ಗುಂಪಾಗಿ ನಿಂತರು. ಅವರ ನಡುವಿನಿಂದ ಒಂದು ಟೋಪಿ ಬಿಡಿಸಿಕೊಂಡು, ಚಾಪೆಲ್‌ಗೆ ತಗುಲಿದ ಹಿತ್ತಲಿಗೆ ಹೋಯಿತು, ಒಳಗೆ ಮರೆಯಾಯಿತು, ಮತ್ತೆ ಹೊರಗೆ ಬಂತು. ಆ ಟೋಪಿಯಡಿ ಇದ್ದವಳು ಪಾದ್ರಿಯ ಎದುರಿಗೆ, ಇಡೀ ಸ್ಟ್ಯಾನಿಂಗ್ಟನ್ ಎದುರಿಗೆ, ಹಗ್ಗದ ಮೇಲೆ ಕೆಂಪು ಕಂಬಳಿ ಹರಡಿದಳು. ಸುಕ್ಕು ಬೇರೆ ಬಿಡಿಸಿದಳು. ರಸ್ತೆಯಲ್ಲಿದ್ದ ಟೋಪಿಗಳೆಲ್ಲ ಒಂದೇ ಸಲ ಅತ್ತ ತಿರುಗಿದವು.

ಹೊರೇಸ್ ದುರ್ಬೀನನ್ನು ಸಿರಿಲ್‌ನ ಪಾರಿವಾಳದ ಗೂಡಿನ ಮೇಲೆ ಬಿಟ್ಟು, ಮನೆಯ ಚಪ್ಪಲಿಯಲ್ಲೇ ಗುಡ್ಡ ಇಳಿದ. ಆ ಮಂಡಿಗಳು ಅಷ್ಟು ಜೋರಾಗಿ ಇಳಿದದ್ದನ್ನು ವಾಕ್ಲಿ ಇಪ್ಪತ್ತು ವರ್ಷದಿಂದ ಕಂಡಿರಲಿಲ್ಲ. ತಳದ ಸೇತುವೆ ಮೇಲೆ ಐಡಾ ಆಗಲೇ ನಿಂತಿದ್ದಳು, ಕೈಚೀಲ ಎದೆಗವಚಿಕೊಂಡು.

"ಸೋಮವಾರ ಹಾಕಿರಲಿಲ್ವಾ?" ಎಂದ ಏದುಸಿರಿನಲ್ಲಿ.

"ಸೋಮವಾರದಿಂದ ನಿನ್ನೆವರೆಗೂ ದಿನಾ ಹಾಕಿದ್ದೆ. ಮಸಿ ಹಿಡಿಯೋದು, ತೆಗೆದು ಒಗೆಯೋದು, ಮತ್ತೆ ಹಾಕೋದು. ಕೈಯೆಲ್ಲ ಬಿರಿದುಹೋಯ್ತು ನೋಡಿ."

"ಇನ್ನೊಂದು ದಿನ ಕಾಯಬಹುದಿತ್ತಲ್ಲ, ನಾಳೆ ಸೋಮವಾರ."

"ನಾಳೆ ಮತ್ತೆ ಮಂಜು ಬಿದ್ರೆ? ನೀವು ಇಲ್ಲ ಅಂದ್ಕೊಂಡು ಸುಮ್ಮನಾಗಿಬಿಟ್ರೆ?" ಐಡಾ ಒಮ್ಮೆ ಹಿಂದೆ ತಿರುಗಿ ತನ್ನ ಗುಡ್ಡ ನೋಡಿದಳು. "ಇನ್ನು ಅಲ್ಲಿ ನಾನು ಕಂಬಳಿಯವಳೇ, ಆ ಕೆಟಲ್ ಮುಟ್ಟೋಕೂ ನನ್ನ ಬಿಡಲ್ಲ. ಇರ್ಲಿ. ನಡೀರಿ, ನಿಮ್ಮ ಗುಡ್ಡದಲ್ಲಿ ಚಹಾನಾದ್ರೂ ಸಿಗುತ್ತೋ ಇಲ್ವೋ."

ಹೊರೇಸ್ ಸೇತುವೆ ಮೇಲೆ ನಿಂತು ಮಗುವಿನ ಹಾಗೆ ಅತ್ತ. ಅವನಿಗಾಗಿ ಯಾರೂ ಅಷ್ಟು ದೊಡ್ಡ ನಷ್ಟ ಮೈಮೇಲೆ ಹಾಕಿಕೊಂಡಿರಲಿಲ್ಲ.

ಮದುವೆಯಾದ ವಾರ ಪಬ್‌ನಲ್ಲಿ ಏಳು ಗುಡ್ಡಗಳ ಜಗಳ ಎಂದಿನಂತೆ ಎದ್ದಿತು. ಹೊರೇಸ್ ಎಣಿಸಿದ, ಸ್ಟ್ಯಾನಿಂಗ್ಟನ್‌ನಿಂದ ಶುರುಮಾಡಿ. ಸಿರಿಲ್ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಅದು ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಬೇಕಲ್ಲ, ಯಾವುದನ್ನು ತೆಗೆಯುತ್ತೀಯ, ವಾಕ್ಲಿಯನ್ನೋ ಎಂದು ಪಟ್ಟು ಹಿಡಿದ.

"ನಾನ್ಯಾಕೆ ತೆಗೀಲಿ? ನಮ್ಮೂರಿಗೆ ಎಂಟು," ಎಂದ ಹೊರೇಸ್. "ರೋಮ್‌ನವರು ಬೇಕಾದ್ರೆ ಇನ್ನೊಂದು ಹುಡುಕ್ಕೊಳ್ಳಲಿ."