ಕೆಂಪು ಹುಲಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಒಂದು ಕುದ್ರುವಿನಲ್ಲಿತ್ತು. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಶಾಲೆಗೂ ದೋಣಿ, ಸಂತೆಗೂ ದೋಣಿ. ನವರಾತ್ರಿಗೆ ಹುಲಿವೇಷದವರೂ ದೋಣಿಯಲ್ಲೇ ಬರುತ್ತಿದ್ದರು. ಹಳದಿ ಮೈಗೆ ಕಪ್ಪು ಪಟ್ಟೆ ಬಳಿದುಕೊಂಡ ಹುಲಿಗಳು ದಡಕ್ಕೆ ಹಾರಿದರೆ ಪೇಂಟಿನ ಘಾಟು ಮೂಗಿಗೆ ಬಡಿಯುತ್ತಿತ್ತು. ಅವರ ಕುಣಿತಕ್ಕೆ ತಾಸೆ ಬಡಿಯುವವರು ನಮ್ಮ ಅಪ್ಪ. ಆ ಸಣ್ಣ ಚರ್ಮವಾದ್ಯದ ಸದ್ದು ಕೇಳಿದರೆ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ.

ನನಗೂ ಹುಲಿಯಾಗಬೇಕಿತ್ತು. "ಹೆಣ್ ಮಕ್ಳ್ ಹುಲಿ ವೇಷ ಹಾಕುಕಾಗ," ಎಂದರು ಅಪ್ಪ. ಹಾಕಬಾರದು ಎಂದು ಅರ್ಥ; ನಮ್ಮ ಕಡೆ 'ಆಗ' ಎಂದರೆ ಕೂಡದು. ಯಾಕೆ ಎಂದು ಕೇಳಿದೆ. "ಆಗ ಅಂದ್ರೆ ಆಗ." ಇದೂ ಒಂದು ಉತ್ತರವೇ? ನನಗೆ ಮೈಯೆಲ್ಲ ಉರಿಯಿತು.

ಹಬ್ಬದ ದಿನ ಅಕ್ಕ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಪೇಂಟು ನಮಗೆ ಯಾರು ಕೊಡುತ್ತಾರೆ? ಗೋಡೆಗೆ ಬಣ್ಣ ಕೂರಲು ಮೊದಲು ಸುಣ್ಣ ಹೊಡೆಯುತ್ತಾರಲ್ಲ, ಹಾಗೆ ಮೈಗೆಲ್ಲ ಸುಣ್ಣದ ನೀರು ಬಳಿದಳು. ಚುರುಗುಟ್ಟಿತು. ಅದರ ಮೇಲೆ ಅರಿಸಿನ ಹಚ್ಚಿದ್ದೇ ತಡ, ನಾನು ಕೆಂಪಗಾಗಿಬಿಟ್ಟೆ! ಸುಣ್ಣಕ್ಕೆ ಅರಿಸಿನ ಸೇರಿದರೆ ಆರತಿಯ ಕೆಂಪು ನೀರಾಗುತ್ತದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ತೊಳೆಯಲು ಹೊತ್ತಿರಲಿಲ್ಲ. ಅಕ್ಕ ಮಸಿಯಲ್ಲಿ ಪಟ್ಟೆ ಎಳೆದು, ಹಗ್ಗದ ಬಾಲ ಕಟ್ಟಿ, ಹುಲಿಗಳು ಕುಣಿಯುತ್ತಿದ್ದ ಅಂಗಳಕ್ಕೆ ನನ್ನನ್ನು ದೂಡಿದಳು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಪ್ಪನ ಕೋಲುಗಳು ನಿಂತವು. ತಾಸೆಯಿಲ್ಲದೆ ಹುಲಿ ಕುಣಿಯುವುದುಂಟೇ? ಅಷ್ಟರಲ್ಲಿ ಅಕ್ಕ ಕೂಗಿದಳು: "ಕುಣಿ ಹೆಣೆ, ನಿಲ್ಲುಕಾಗ!" ಹೆಣೆ ಎಂದರೆ ನಮ್ಮಲ್ಲಿ ಹುಡುಗಿ. ತಾಸೆಯ ಬಡಿತವನ್ನು ಬಾಯಲ್ಲೇ ಹೇಳಿಕೊಂಡು, ಅಪ್ಪನ ಮುಖವನ್ನೇ ನೋಡುತ್ತ ಕುಣಿದೆ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಅಪ್ಪ ನನ್ನ ಕಾಲುಗಳನ್ನೇ ನೋಡಿದರು. ಆಮೇಲೆ ಅವರ ಕೋಲುಗಳು ನನ್ನ ಹೆಜ್ಜೆಗೆ ಬಂದು ಸೇರಿಕೊಂಡವು. ನಾನು ಅವರ ತಾಳಕ್ಕಲ್ಲ, ಅವರು ನನ್ನ ತಾಳಕ್ಕೆ! ಆ ಜಂಬ ಇನ್ನೂ ಇಳಿದಿಲ್ಲ.

ಮಕ್ಕಳೇ, ಕಡಲಾಚೆಯ ನಿಮ್ಮ ಏವನ್‌ಡೇಲ್‌ನಲ್ಲಿ ಹಬ್ಬಕ್ಕೆ ದೋಣಿ ಬೇಡ. ಬಣ್ಣ ಬೇಕಾದರೆ ಪಕ್ಕದ ನ್ಯೂ ಲಿನ್‌ನಿಂದ ಡಬ್ಬಿ ತಂದರಾಯಿತು. ತಾಸೆ ಫೋನಿನಲ್ಲೇ ಬಡಿಯುತ್ತದೆ. ಆದರೆ ಆ 'ಆಗ' ಮಾತ್ರ ವಿಮಾನ ಹತ್ತಿ ಇಲ್ಲಿಗೂ ಬಂದಿದೆ. ಇಲ್ಲಿಯ ಕನ್ನಡದವರ ದಸರಾದಲ್ಲಿ ಹುಲಿ ಕುಣಿಯುತ್ತೇನೆ ಎಂದ ನನ್ನ ಮೊಮ್ಮಗಳಿಗೆ ಒಬ್ಬ ಅಂಕಲ್, "ಹುಡುಗೀರಿಗೆ ಟೈಗರ್ ಡ್ಯಾನ್ಸ್ ಯಾಕಮ್ಮ, ಕೋಲಾಟ ಇದ್ಯಲ್ಲ?" ಎಂದರಂತೆ. ನಾನು ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆದೆ.

"ಟೈಗರ್ಸ್ ಆರ್ ಆರೆಂಜ್, ಅಜ್ಜಿ," ಎಂದಳು ಅವಳು.

"ನಮ್ಮನಿ ಹುಲಿ ಕೆಂಪು," ಎಂದೆ. "ಯಾರಾದ್ರೂ ಕೇಳಿದ್ರೆ ನನ್ ಹತ್ರ ಕಳ್ಸು."