ಅರ್ಧ ಇಂಚಿನ ಶೂರ

ಟೈಲರ್ ಅರ್ಧಿಂಚು ಯುದ್ಧ ಗೆದ್ದದ್ದು, ಯುದ್ಧ ಮುಗಿದು ಎರಡು ವರ್ಷವಾದ ಮೇಲೆ, ಪೆನ್ನು ಹಿಡಿದು. ಅದಕ್ಕೂ ಮೊದಲು ಅವನು ಹಿಡಿದಿದ್ದ ಆಯುಧವೆಂದರೆ ಕತ್ತರಿ. ಅದನ್ನೂ ಎತ್ತಿದ್ದು ಬಟ್ಟೆಯ ಮೇಲೆ ಮಾತ್ರ.

ಅಡ್ಡಹೆಸರು ಬೀದಿಯವರು ಇಟ್ಟದ್ದು. ಅಂಗಿ ಬಿಗಿಯಾಗಲಿ, ಸಡಿಲವಾಗಲಿ, ಅವನ ಬಾಯಲ್ಲಿ ಒಂದೇ ಮಾತು: "ಬರೀ ಅರ್ಧ ಇಂಚು ಸ್ವಾಮಿ, ಕೂತ್ಕೊಳಿ, ಈಗ್ಲೇ ಸರಿ ಮಾಡ್ತೀನಿ."

ಅವನ ಅಂಗಡಿಯ ಗೋಡೆಗೆ ಅಂಟಿದ ಮನೆಯಲ್ಲಿ 'ಹಗುರ ಮಂದಿ' ಎಂಬ ಪಂಥದವರು ಬಂದು ಸೇರಿದ್ದರು. ದೇಹ ಹಗುರಾದಷ್ಟೂ ಆತ್ಮ ಮೇಲೇರುತ್ತದೆ ಅನ್ನುವುದು ಅವರ ಗುರುವಿನ ಬೋಧನೆ. ಶಿಷ್ಯರಿಗೆ ದಿನಕ್ಕೆ ಅರ್ಧ ತಟ್ಟೆ ಊಟ. ಗುರು ಮಾತ್ರ ಅಡ್ಡಡ್ಡ ತಿರುಗಿ ಬಾಗಿಲು ದಾಟಬೇಕಾದ ಗಾತ್ರ. ಶಿಷ್ಯರ ಭಾರವನ್ನೆಲ್ಲ ಪಾಪ ಅವನೇ ಹೊತ್ತಿದ್ದಾನೆ ಎಂದು ಬೀದಿ ನಗುತ್ತಿತ್ತು. ಅವರ ಬೂದು ನಿಲುವಂಗಿಗಳೆಲ್ಲ ಅರ್ಧಿಂಚುವಿನ ಕೈಯವೇ. ಇನ್ನು ಪುರಸಭೆಯ ಲೈಸೆನ್ಸ್ ಸಾಹೇಬ. ಗುರುವಿನ ಮನೆಯಿಂದ ಅವನಿಗೆ ದುಡ್ಡಿನ ಲಕೋಟೆ ಹೋಗುತ್ತಿತ್ತು, ಅರ್ಧಿಂಚುವಿನ ಅಂಗಡಿಯಿಂದ ಬಿಟ್ಟಿ ಪ್ಯಾಂಟು. "ಪಕ್ಕದ ಮನೆ ವಿಷಯ ನಿನಗ್ಯಾಕೆ? ಬಾಯಿ ಹೊಲ್ಕೊಂಡಿರು, ಹೊಲಿಗೆ ಗೊತ್ತಲ್ಲ," ಎಂದು ಸಾಹೇಬ ಅಳತೆ ಕೊಡುತ್ತ ಹೇಳಿದ್ದ. ಅರ್ಧಿಂಚು ಹೊಲಿದುಕೊಂಡ.

ಒಂದು ದಿನ ಶಿಷ್ಯೆಯೊಬ್ಬಳು ಕುಸಿದು ಬಿದ್ದು ಆಸ್ಪತ್ರೆ ಸೇರಿದಳು. ಪೊಲೀಸರು ಬಂದರು. ಗುರು ಹಿಂದಿನ ಕಿಟಕಿಯಲ್ಲಿ ನುಸುಳಲು ಹೋಗಿ ಅಲ್ಲೇ ಸಿಕ್ಕಿಕೊಂಡ. ಸಾಹೇಬ ಕೆಲಸ ಕಳೆದುಕೊಂಡ. ಇದೆಲ್ಲ ಹಳೆಯದಾದ ಮೇಲೆ ವಾಚನಾಲಯದ ಕಾರ್ಯದರ್ಶಿ ಬಂದು, "ಗೋಡೆ ಪಕ್ಕದಲ್ಲೇ ಇದ್ದು ಬದುಕಿ ಉಳಿದವ ನೀನು. ನಿಜವಾದ ಕಥೆ ಬರಿ. ಭಾನುವಾರ ಎಲ್ಲರೆದುರು ಓದು, ಆಮೇಲೆ ಅಚ್ಚು ಹಾಕಿಸೋಣ," ಅಂದ.

ಅಚ್ಚು ಅಂದದ್ದೇ ತಡ, ಅರ್ಧಿಂಚುವಿನ ಎದೆ ಎರಡಿಂಚು ಉಬ್ಬಿತು. ಬರೆದದ್ದನ್ನು ಬಂದ ಗಿರಾಕಿಗಳಿಗೆಲ್ಲ ಓದಿದ. ಒಂದು ಗುಂಡಿ ಹಾಕಿಸಲು ಬಂದವರೂ ಮೂರನೇ ಅಧ್ಯಾಯ ಮುಗಿಯದೆ ಹೊರಗೆ ಹೋಗುವಂತಿರಲಿಲ್ಲ. ಸಾಹೇಬನ ಪ್ಯಾಂಟನ್ನು ಬೇಕೆಂದೇ ಬಿಗಿ ಹೊಲಿದು, ತುಂಬಿದ ಸಭೆಯಲ್ಲಿ ಪರ್‍ರನೆ ಹರಿಯುವಂತೆ ಮಾಡಿದ ವೀರಗಾಥೆ ಕೇಳಿ, ಕಾಜ ಹಾಕುತ್ತಿದ್ದ ಹೆಂಡತಿ ತಲೆಯೆತ್ತಿದಳು.

"ಹರೀತಾ? ಇಸ್ತ್ರಿ ಬೇರೆ ಮಾಡಿ ಅವನ ಮನೆ ಬಾಗಿಲಿಗೇ ಕೊಟ್ಟು ಬಂದಿದ್ರಲ್ಲ?"

"ಕಥೆ ಅಂದ್ಮೇಲೆ ಸ್ವಲ್ಪ ನೆರಿಗೆ ಬೇಕು ಕಣೇ."

"ನಿಜವಾದ ಕಥೆ ಅಂದಿದ್ರಪ್ಪ ಅವರು."

"ನೀನು ಕಾಜ ನೋಡು."

ಶನಿವಾರ ಮೂಲೆಮನೆ ಡ್ರೈವರ್‌ನ ಮಗಳು ಬಂದಳು. ಹಗುರ ಮಂದಿಯ ಮನೆಯಲ್ಲಿ ಕುಸಿದು ಬಿದ್ದವಳು ಇವಳೇ. ಈಗ ಕೆನ್ನೆ ತುಂಬಿಕೊಂಡಿತ್ತು. ಚೀಲದಿಂದ ಅದೇ ಬೂದು ನಿಲುವಂಗಿ ತೆಗೆದಳು.

"ಮಾಮ, ಬಟ್ಟೆ ಗಟ್ಟಿಯಾಗಿದೆ, ಬಿಸಾಕೋಕೆ ಮನಸ್ಸಿಲ್ಲ. ಈಗ ಮೈಗೆ ಆಗೋ ಹಾಗೆ ಹೊಲಿಗೆ ಬಿಡಿಸಿ ಕೊಡಿ, ಮನೇಲಿ ಹಾಕ್ಕೊಳ್ತೀನಿ."

"ಬರೀ ಅರ್ಧ..." ಎನ್ನುತ್ತ ಅವನು ಪಕ್ಕದ ಹೊಲಿಗೆ ಬಿಚ್ಚಿದ. ಒಳಗೆ ಮಡಚಿಟ್ಟ ಬಟ್ಟೆ ಹೊರಬಿತ್ತು. ಅದರ ಉದ್ದಕ್ಕೂ ಸೂಜಿತೂತುಗಳ ಸಾಲು. ಅದರ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ಅವಳು ಸೊರಗಿದಾಗಲೆಲ್ಲ ಒಳಕ್ಕೆ ಹಿಡಿದ ಹೊಲಿಗೆಗಳು. ಒಂದೊಂದು ಸಲವೂ ಟೇಪು ಸುತ್ತಿದ ಅವನ ಬೆರಳಿಗೆ ಅವಳ ಪಕ್ಕೆಲುಬು ತಾಗಿತ್ತು. ಒಂದೊಂದು ಸಲವೂ, "ಈಗ ಲಕ್ಷಣವಾಗಿ ಕೂತ್ಕೊಂಡ್ತು ನೋಡು," ಅಂದಿದ್ದ.

"ಇಷ್ಟೊಂದು ಸಲವಾ!" ಹುಡುಗಿ ಅದರ ಮೇಲೆ ಬೆರಳಾಡಿಸಿದಳು. "ಸದ್ಯ, ಬಟ್ಟೆ ಕತ್ತರಿಸಿರ್ಲಿಲ್ಲ ನೀವು." ಆಮೇಲೆ ದನಿ ತಗ್ಗಿಸಿದಳು. "ಮಾಮ, ಒಂದು ಕೇಳ್ಲಾ? ಅಪ್ಪ ನಿಮ್ಮ ಕಥೆ ಕೇಳ್ಕೊಂಡು ಬಂದ್ರು. ನೀವು ನನ್ನ ಕೈ ಹಿಡ್ಕೊಂಡು, 'ಮಗಳೇ, ಇವರು ನಿನ್ನ ಉಪವಾಸ ಕೆಡವಿ ಕೊಲ್ತಾರೆ, ಮನೆಗೆ ಹೋಗು' ಅಂದಿದ್ರಂತೆ. ಟೈಲರ್ ಅಷ್ಟು ಹೇಳಿದ್ರೂ ನಿನ್ನ ಕಿವಿಗೇನಾಗಿತ್ತು ಅಂತ ಅಪ್ಪ ಆವತ್ತಿಂದ ಬೈತಾನೇ ಇದಾರೆ. ನನಗೆ ನೆನಪೇ ಬರ್ತಿಲ್ಲ. ಆಗೆಲ್ಲ ತಲೆ ಸುತ್ತೋದು... ಯಾವಾಗ ಹೇಳಿದ್ರಿ? ನಾನೇನಂದೆ?"

ಅದು ನಾಲ್ಕನೇ ಅಧ್ಯಾಯ. ಗಿರಾಕಿಗಳು ಕಣ್ಣೊರೆಸಿಕೊಂಡ ಅಧ್ಯಾಯ. ಅರ್ಧಿಂಚುವಿನ ಮುಖಕ್ಕೆ ಇಸ್ತ್ರಿಪೆಟ್ಟಿಗೆ ಇಟ್ಟಂತಾಯಿತು. ಹೆಂಡತಿಯ ಸೂಜಿ ನಿಂತಿತ್ತು.

"ನಾನು ಹೇಳ್ಲಿಲ್ಲಮ್ಮ," ಅಂದ ಕೊನೆಗೆ, ನಿಲುವಂಗಿಯನ್ನು ನೋಡುತ್ತ.

"ಹಾಂ?"

"ಹೇಳ್ಲೇ ಇಲ್ಲ. ನಿನ್ನ ನೆನಪು ಸರಿಯಾಗೇ ಇದೆ. ನನಗೆ ಗೊತ್ತಿತ್ತು, ಬಾಯಿ ಬಿಡ್ಲಿಲ್ಲ. ಅಪ್ಪನಿಗೆ ಹಾಗಂತ ಹೇಳು."

ಹುಡುಗಿ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಅನುಕೂಲವಾಗುತ್ತಿತ್ತು. "ಆ ಕೈ ಹಿಡ್ಕೊಂಡಿದ್ದನ್ನ ನಾಳೆ ಎಲ್ಲರೆದುರು ಓದ್ತೀರಾ?" ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

ಆ ಸಂಜೆ ಅರ್ಧಿಂಚು ಹಾಳೆಗಳನ್ನು ಮುಂದಿಟ್ಟುಕೊಂಡು, ಸಿಂಹವೊಂದು ತನ್ನ ಕೇಸರವನ್ನು ತಾನೇ ಬೋಳಿಸಿಕೊಂಡಂತೆ, ಗೀಟು ಹೊಡೆಯುತ್ತ ಹೋದ. ಹೆಂಡತಿ ಚಹಾ ತಂದಿಟ್ಟಳು.

"ಇಸ್ತ್ರಿ ಮಾಡಿಕೊಟ್ಟಿದ್ದನ್ನೂ ಹಾಕಿ," ಅಂದಳು.

ಹಾಕಿದ.

ಭಾನುವಾರ ವಾಚನಾಲಯದಲ್ಲಿ ಕುರ್ಚಿ ಸಾಲದೆ ಜನ ಕಿಟಕಿಗೆ ಆತುಕೊಂಡು ನಿಂತಿದ್ದರು. ಪ್ಯಾಂಟು ಹರಿಯುವ ಪ್ರಸಂಗಕ್ಕೆಂದೇ ಕೆಲವರು ನೆಂಟರನ್ನೂ ಕರೆತಂದಿದ್ದರು. ಮುಂದಿನ ಸಾಲಿನಲ್ಲಿ ಡ್ರೈವರ್, ಪಕ್ಕದಲ್ಲಿ ಮಗಳು. ಅರ್ಧಿಂಚು ಎದ್ದು ನಿಂತ. ಕೈಯಲ್ಲಿ ಉಳಿದಿದ್ದು ಕೆಲವೇ ಹಾಳೆ.

"ಪಕ್ಕದ ಮನೆಯವರು ಒಂದು ಹುಡುಗಿಯನ್ನು ಸೊರಗಿಸಿದರು," ಎಂದು ಓದಿದ. "ಅದು ಯಾರ ಕಣ್ಣಿಗೂ ಬೀಳದ ಹಾಗೆ ಹೊಲಿದುಕೊಟ್ಟವನು ನಾನು. ಬರೀ ಅರ್ಧ ಇಂಚು, ಬರೀ ಅರ್ಧ ಇಂಚು ಅನ್ನುತ್ತ."

ಆ ಮಾತು ಕಿವಿಗೆ ಬಿದ್ದದ್ದೇ ಹಿಂದಿನ ಸಾಲುಗಳಲ್ಲಿ ಗೊಳ್ಳೆಂದು ನಗು ಎದ್ದಿತು. ಅವನು ಕಾದ. ಕತ್ತೆತ್ತಲಿಲ್ಲ. ನಗು ತಾನಾಗಿ ಅಡಗಿದ ಮೇಲೆ ಮುಂದಿನ ಸಾಲು ಓದಿದ.