ತಾರ್ವಾದ ಪಂಪ್‌ಹೌಸ್

ರಂಜನಿ ಹೆಚ್ಚು ಮಾತಿನವಳಲ್ಲ. ಮೈಸೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ, ಮದುವೆಯಾದ ಹೊಸತರಲ್ಲೇ ಗಂಡ ಕೌಸ್ತುಭನ ಜೊತೆ ಅಡಿಲೇಡಿಗೆ ಬಂದವಳು. ಅಲ್ಲಿ ಸ್ಯಾಲಿಸ್‌ಬರಿಯ ಬಾಡಿಗೆ ಮನೆಯಲ್ಲಿದ್ದುಕೊಂಡು, ಪಂಪು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸ ಕಲಿತಳು. ಮುಂದೆ ಕೌಸ್ತುಭನಿಗೆ ಫ್ರೀಮ್ಯಾಂಟಲ್ ಬಂದರಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಪರ್ತ್‌ಗೆ ಬಂದರು. ಕ್ಯಾನಿಂಗ್ ವೇಲ್‌ನಲ್ಲಿ ಮನೆ ಕಟ್ಟಿಸಿದರು, ನಿಹಾರಿಕಾ ಹುಟ್ಟಿದಳು. ಕನ್ನಡದವರು ಯಾರ ಮನೆಯಲ್ಲಿ ಸೇರಿದರೂ, ಹಿತ್ತಲಿನ ಬೋರ್ ಕೈಕೊಟ್ಟಿದೆ ಎಂಬ ಮಾತು ಬಂದರೆ ಸಾಕು, ತಟ್ಟೆ ಕೆಳಗಿಟ್ಟು ಎದ್ದು ಹೋಗುತ್ತಿದ್ದವಳು ಅವಳೇ.

ಬ್ರಿಸ್ಬೇನ್‌ನಲ್ಲಿ ನೆರೆ ಬಂದ ವರ್ಷ ಅವಳು ಅಲ್ಲಿಗೆ ಹೋಗಿ, ಕೆಸರು ತುಂಬಿದ ಪಂಪುಗಳನ್ನು ಬಿಚ್ಚಿ ತೊಳೆದು ಮತ್ತೆ ಓಡಿಸಿ ಬಂದಿದ್ದಳು. ಒಂದು ಪರಿಹಾರ ಸಂಸ್ಥೆಯವರ ಪರಿಚಯವಾದದ್ದು ಆಗಲೇ. "ಬೇಕಾದಾಗ ಕರೀರಿ" ಎಂದು ಹೆಸರು ಕೊಟ್ಟು ಬಂದಿದ್ದಳು. ಅವರು ಕರೆದದ್ದು ಮಾತ್ರ ನೆರೆಗಲ್ಲ, ಯುದ್ಧಕ್ಕೆ.

"ಅಲ್ವೇ, ಅಲ್ಲಿ ಶೆಲ್ ಬೀಳ್ತಿದೆ. ನೀನು ಹೋಗಿ ಪಂಪ್ ರಿಪೇರಿ ಮಾಡ್ತೀಯಾ?" ಎಂದ ಕೌಸ್ತುಭ.

"ಯುದ್ಧ ಮುಗೀತಾ ಬಂತಂತೆ ಕಣೋ. ನೀರಿಲ್ದೆ ಕಾಲರಾ ಶುರುವಾಗಿದೆ."

"ಮುಗೀತಾ ಬಂದಾಗ್ಲೇ ಭಯ ಜಾಸ್ತಿ. ಸೋಲೋರಿಗೆ ಸಿಟ್ಟು, ಗೆಲ್ಲೋರಿಗೆ ಅವಸರ."

ಅವನ ಮಾತು ಎಷ್ಟು ನಿಜವೆಂದು ಅವಳಿಗೆ ಆಮೇಲೆ ತಿಳಿಯಿತು. ನಿಹಾರಿಕಾ ಏರ್‌ಪೋರ್ಟಿನಲ್ಲಿ ತಬ್ಬಿಕೊಂಡು, "ಜಸ್ಟ್ ಕಮ್ ಬ್ಯಾಕ್, ಓಕೆ?" ಎಂದಳು. ಅಷ್ಟೇ.

ತಾರ್ವಾ ಒಂದು ನದಿಯ ದಂಡೆಯ ಮೇಲಿದ್ದ ಊರು. ಇದ್ದ ಊರು ಎಂದೇ ಹೇಳಬೇಕು. ಬೀದಿಯ ಎರಡೂ ಬದಿಗೆ ಗೋಡೆಗಳಿದ್ದವು, ಸೂರುಗಳಿರಲಿಲ್ಲ. ಮೂರನೆಯ ಮಹಡಿಯಲ್ಲಿ ಯಾರದೋ ಅಡುಗೆಮನೆ ಬಾಯಿ ತೆರೆದುಕೊಂಡು ನಿಂತಿತ್ತು. ಒಲೆಯ ಮೇಲಿನ ಪಾತ್ರೆ ಹಾಗೇ ಇತ್ತು. ಉಳಿದ ಜನ ನೆಲಮಾಳಿಗೆಗಳಲ್ಲಿ ಇದ್ದರು. ಶಾಲೆಯ ನೆಲಮಾಳಿಗೆಯೇ ಆಸ್ಪತ್ರೆಯಾಗಿತ್ತು. ಅದಕ್ಕೂ ಊರಿಗೂ ನೀರು ಬರಬೇಕಾದದ್ದು ನದಿ ದಂಡೆಯ ಹಳೆಯ ಪಂಪ್‌ಹೌಸಿನಿಂದ.

ರಂಜನಿಗೆ ಅಲ್ಲಿನ ಭಾಷೆಯ ಒಂದಕ್ಷರವೂ ಬರದು. ಸಂಸ್ಥೆಯವರು ದುಭಾಷಿಯಾಗಿ ಗೊತ್ತು ಮಾಡಿದ್ದು ಇಲ್ಯಾ ಎಂಬ ವಯಸ್ಸಾದವರನ್ನು. ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು. ಸ್ಪಷ್ಟವಾದ, ಸ್ವಲ್ಪ ಹಳೆಯ ಕಾಲದ ಇಂಗ್ಲಿಷ್ ಅವರದು. ತಪ್ಪು ವ್ಯಾಕರಣ ಕೇಳಿದರೆ ಹುಬ್ಬು ಗಂಟಿಕ್ಕುತ್ತಿದ್ದರು. ರಂಜನಿ ಮನಸ್ಸಿನಲ್ಲೇ ಅವರಿಗೆ 'ಮೇಷ್ಟ್ರು' ಎಂದು ಹೆಸರಿಟ್ಟಿದ್ದಳು. ಇಬ್ಬರೂ ಸೇರಿ ಒಂದು ವಾರ ಹೆಣಗಿದ ಮೇಲೆ ಡೀಸೆಲ್ ಜನರೇಟರ್ ಗುಡುಗಿತು, ನೀರು ಹರಿಯಿತು. ಹೆಂಗಸರು ಕೊಡ, ಬಕೆಟ್ಟು, ಸ್ನಾನದ ತೊಟ್ಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ಬೀದಿಗೆ ಬಂದರು.

ಅಷ್ಟರಲ್ಲಿ ಸೋಲುತ್ತಿದ್ದ ಸೈನ್ಯ ಊರಿನ ಮೂಲಕ ಹಿಂದೆ ಸರಿಯತೊಡಗಿತು. ಗಡ್ಡ ಬೆಳೆದ, ಬೂಟು ಹರಿದ ಹುಡುಗರು ತಲೆ ತಗ್ಗಿಸಿ ಸೇತುವೆ ದಾಟಿ ಹೋದರು. ಕೊನೆಗೆ ಒಬ್ಬ ಕ್ಯಾಪ್ಟನ್ ಕೆಲವರೊಂದಿಗೆ ಪಂಪ್‌ಹೌಸಿನ ಒಳಗೆ ಬಂದ. ಮಾತಿಲ್ಲ, ಕತೆಯಿಲ್ಲ. ಅವನ ಜನ ಪಂಪಿನ ಬುಡಕ್ಕೆ ಸಿಡಿಮದ್ದು ಕಟ್ಟಿ ವೈರು ಎಳೆಯತೊಡಗಿದರು.

"ಸೇತುವೆ, ಪಂಪ್‌ಹೌಸ್, ಎರಡನ್ನೂ ಒಡೆಯಬೇಕೆಂದು ಆಜ್ಞೆಯಂತೆ. ನಾವು ಹೊರಗೆ ಹೋಗಬೇಕಂತೆ," ಎಂದರು ಮೇಷ್ಟ್ರು.

ರಂಜನಿ ಕದಲಲಿಲ್ಲ. "ಅವರ ಗಾಯಾಳುಗಳನ್ನ ಆಸ್ಪತ್ರೆಯಲ್ಲೇ ಬಿಟ್ಟು ಹೋಗ್ತಿದ್ದಾರಲ್ಲ, ಅವರು ಯಾವ ನೀರು ಕುಡೀಬೇಕು ಅಂತ ಕೇಳಿ."

ಮೇಷ್ಟ್ರು ಕೇಳಿದರು. ಕ್ಯಾಪ್ಟನ್ ಅವಳನ್ನು ನೋಡಲಿಲ್ಲ. ಗಾಯಾಳುಗಳನ್ನೆಲ್ಲ ಸಾಗಿಸಿದ್ದಾರೆಂದು ತನಗೆ ತಿಳಿಸಲಾಗಿದೆ ಎಂದ.

"ಸುಳ್ಳು. ಬಂದು ನೋಡಿ."

ಮೂವರೂ ಬೀದಿಗಿಳಿದರು. ದೂರದ ಫಿರಂಗಿ ಸದ್ದಿಗೆ ಗೋಡೆಗಳಿಂದ ಸುಣ್ಣ ಉದುರುತ್ತಿತ್ತು. ಶಾಲೆಯ ಮೆಟ್ಟಿಲಿಳಿದಾಗ ಕ್ಯಾಪ್ಟನ್ ಟೋಪಿ ತೆಗೆದ. ಸಾಲಾಗಿ ಮಲಗಿದ್ದವರಲ್ಲಿ ಒಬ್ಬ ಅವನನ್ನು ಗುರುತಿಸಿ ಕೈ ಎತ್ತಿದ. ಕ್ಯಾಪ್ಟನ್ ಅವನ ಪಕ್ಕದಲ್ಲಿ ಮಂಡಿಯೂರಿ ಏನೋ ಹೇಳಿದ. ಏನೆಂದು ಮೇಷ್ಟ್ರು ಅನುವಾದಿಸಲಿಲ್ಲ, ರಂಜನಿಯೂ ಕೇಳಲಿಲ್ಲ.

ಪಂಪ್‌ಹೌಸಿನ ವೈರುಗಳನ್ನು ಅವನು ತನ್ನ ಕೈಯಾರೆ ಬಿಚ್ಚಿದ. ಸೇತುವೆಯನ್ನು ಮಾತ್ರ ಬಿಡಲಿಲ್ಲ. ಅದು ಬಿದ್ದ ಹೊಡೆತಕ್ಕೆ ಪಂಪ್‌ಹೌಸಿನ ಕಿಟಕಿಗಳೆಲ್ಲ ಒಡೆದವು.

ಬೀಸುವ ದೊಣ್ಣೆ ತಪ್ಪಿತು ಅಂದುಕೊಳ್ಳುವಷ್ಟರಲ್ಲಿ ಗೆಲ್ಲುತ್ತಿದ್ದ ಸೈನ್ಯ ಊರೊಳಕ್ಕೆ ಬಂತು. ಅವರಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಮೇಜರ್ ಒಬ್ಬ ಪಂಪಿನ ಬುಡದಲ್ಲಿ ಉಳಿದಿದ್ದ ವೈರಿನ ತುಂಡೊಂದನ್ನು ಎತ್ತಿ, ಮೇಷ್ಟ್ರ ಮುಖದ ಮುಂದೆ ಹಿಡಿದ. ಸೇತುವೆ ಒಡೆದವರು ಪಂಪ್‌ಹೌಸನ್ನೇಕೆ ಬಿಟ್ಟು ಹೋದರು? ವೈರಿಯ ಜೊತೆ ಮಾತಾಡಿದವರು ಯಾರು? ಪ್ರಶ್ನೆಗಳು ಹೀಗೇ ಇದ್ದಿರಬೇಕು. ಮೇಷ್ಟ್ರು ತಮ್ಮ ಎದೆ ಮುಟ್ಟಿಕೊಂಡು ಒಂದೇ ಮಾತು ಹೇಳಿದ್ದು ರಂಜನಿಗೆ ಕಂಡಿತು.

"ಏನಂದ್ರಿ ಅವರಿಗೆ?"

"ಮಾತಾಡಿದ್ದು ನಾನು ಅಂದೆ. ನಿಜವೇ ತಾನೆ."

"ಮಾತು ನಂದು. ಅದನ್ನ ಹೇಳಿ ಅವರಿಗೆ."

"ಹೇಳುವುದಿಲ್ಲ," ಎಂದರು ಮೇಷ್ಟ್ರು. "ನೀವು ಪಂಪು ನೋಡಿಕೊಳ್ಳಿ."

ಇಬ್ಬರು ಸೈನಿಕರು ಅವರ ರಟ್ಟೆ ಹಿಡಿದು ಕರೆದೊಯ್ದರು. ರಂಜನಿ ಜೀಪಿನ ಹಿಂದೆ ಓಡಿದಳು. "ಅವರದ್ದೇನೂ ತಪ್ಪಿಲ್ಲ" ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತನಗೇ ಗೊತ್ತಿಲ್ಲದೆ ಕನ್ನಡದಲ್ಲಿ ಕೂಗಿದಳು. ಕೇಳುವವರು ಯಾರೂ ಇರಲಿಲ್ಲ. ಸಂಸ್ಥೆಗೆ ಸ್ಯಾಟಲೈಟ್ ಫೋನ್ ಮಾಡಿದರೆ, ಸ್ಥಳೀಯರ ವಿಷಯದಲ್ಲಿ ತಾವು ತಲೆಹಾಕುವಂತಿಲ್ಲ, ನೀವು ಹೊರಟು ಬನ್ನಿ ಎಂದರು. ಅವಳು ಹೊರಡಲಿಲ್ಲ.

ಆ ದಿನಗಳಲ್ಲಿ ಒಂದು ಯೋಚನೆ ಅವಳನ್ನು ಬಿಡದೆ ಕಾಡಿತು. ಸೈನ್ಯ ಕೂಡ ಕುಡಿಯುತ್ತಿದ್ದುದು ಇದೇ ನೀರನ್ನು. ಪಂಪು ನಿಲ್ಲಿಸಿದರೆ ಮೇಜರ್ ತಾನಾಗಿ ಓಡಿಬರುತ್ತಾನೆ; ಆಗ ಮೇಷ್ಟ್ರನ್ನು ಕೊಡು ಎನ್ನಬಹುದು. ಒಮ್ಮೆ ಸ್ವಿಚ್ಚಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಹೊರಗೆ ನಲ್ಲಿಯ ಹತ್ತಿರ ಒಬ್ಬ ತಾಯಿ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ರಂಜನಿ ಕೈ ತೆಗೆದು, ಜನರೇಟರಿಗೆ ಡೀಸೆಲ್ ತುಂಬಿದಳು.

ಆದರೆ ಪಂಪು ಒಂದು ಬೆಳಿಗ್ಗೆ ತಾನಾಗಿಯೇ ನಿಂತಿತು. ಬಿದ್ದ ಸೇತುವೆಯ ಕಸ ಕಡ್ಡಿಯೆಲ್ಲ ಹರಿದು ಬಂದು, ನದಿಯೊಳಗೆ ನೀರು ಹೀರುವ ಪೈಪಿನ ಬಾಯಿಗೆ ಕಟ್ಟಿಕೊಂಡಿತ್ತು. ಮೇಜರ್ ಬಂದ. ಕೂಗಿದ. ಬೇಕೆಂದೇ ನಿಲ್ಲಿಸಿದ್ದಾಳೆ ಎಂದು ಅವನ ಅನುಮಾನ. ಅದು ಮುಖದಲ್ಲೇ ಬರೆದಿತ್ತು. ರಂಜನಿ ನದಿಯ ಕಡೆ ಕೈ ತೋರಿಸಿದಳು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದಳು. ಒಬ್ಬ ಸೈನಿಕ ಬಂದೂಕಿನ ತುದಿಯಿಂದ ಅವಳ ಭುಜವನ್ನು ಗೋಡೆಗೆ ಒತ್ತಿದ. ಅವಳು ಕಣ್ಣು ಮುಚ್ಚಿ ನಿಹಾರಿಕಾಳ ಮುಖ ನೆನೆಯಲು ನೋಡಿದಳು. ನೆನಪಿಗೆ ಬಂದದ್ದು ಕ್ಯಾನಿಂಗ್ ವೇಲ್‌ನ ಮನೆಯ ಗ್ಯಾರೇಜ್ ಬಾಗಿಲು ಮಾತ್ರ.

ಮೇಜರ್ ಕೊನೆಗೆ ವೈರ್‌ಲೆಸ್‌ನಲ್ಲಿ ಏನೋ ಹೇಳಿದ. ಜೀಪು ಬಂತು. ಅದರಿಂದ ಇಳಿದದ್ದು ಮೇಷ್ಟ್ರು. ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು, ಕಾಲು ಎಳೆಯುತ್ತಿದ್ದರು. ಅವಳನ್ನು ಏನೆಂದು ವಿಚಾರಿಸುವುದಕ್ಕೂ ಸೈನ್ಯದವರಿಗೆ ಬೇರೆ ದುಭಾಷಿ ಸಿಕ್ಕಿರಲಿಲ್ಲ.

"ಯಾಕೆ ನಿಲ್ಲಿಸಿದೆ ಎಂದು ಕೇಳುತ್ತಿದ್ದಾರೆ," ಎಂದರು ಮೇಷ್ಟ್ರು. ದನಿ ನಡುಗುತ್ತಿತ್ತು, ವ್ಯಾಕರಣ ಸರಿಯಾಗಿಯೇ ಇತ್ತು.

"ನಾನು ನಿಲ್ಸಿಲ್ಲ. ಪೈಪಿನ ಬಾಯಿ ಕಟ್ಟಿದೆ. ನೀರಿಗಿಳಿದು ಬಿಡಿಸಬೇಕು. ಇಬ್ಬರು ಬೇಕು ಅನ್ನಿ."

ಎದುರು ದಡದಲ್ಲಿ ಇನ್ನೂ ವೈರಿಗಳಿರಬಹುದಿತ್ತು. ಮೇಜರ್ ತನ್ನ ಇಬ್ಬರನ್ನು ನೀರಿಗಿಳಿಸಿದ. ದಡದಲ್ಲಿ ಹಗ್ಗ ಹಿಡಿದು ರಂಜನಿ ನಿಂತಳು, ಅವಳ ಮಾತನ್ನು ಕೂಗಿ ಹೇಳುತ್ತ ಮೇಷ್ಟ್ರು ಕೂತರು, ನಿಲ್ಲುವ ಶಕ್ತಿ ಅವರಿಗಿರಲಿಲ್ಲ. ಎಲ್ಲರ ಕಣ್ಣೂ ಆಚೆ ದಡದ ಮೇಲೆ. ಕಬ್ಬಿಣದ ಸರಳು, ಹರಿದ ಬಲೆ, ಒಂದು ಸೈಕಲ್ ಚಕ್ರ, ಒಂದೊಂದಾಗಿ ಮೇಲೆ ಬಂದವು. ಗುಂಡು ಹಾರಲಿಲ್ಲ. ಪಂಪು ಮತ್ತೆ ನೀರು ಹಿಡಿಯಿತು.

ಅದೇ ಮಧ್ಯಾಹ್ನ ರೇಡಿಯೋದಲ್ಲಿ ಕದನವಿರಾಮದ ಸುದ್ದಿ ಬಂತು. ಸೈನಿಕರು ಆಕಾಶಕ್ಕೆ ಗುಂಡು ಹಾರಿಸಿ ಕುಣಿದರು. ಮತ್ತೆ ಕಾಳಗವೇ ಶುರುವಾಯಿತೆಂದು ರಂಜನಿ ಮತ್ತು ಮೇಷ್ಟ್ರು ಪಂಪಿನ ಮರೆಯಲ್ಲಿ ನೆಲಕ್ಕೆ ಬಿದ್ದುಕೊಂಡರು. ಗಲಾಟೆ ತಣ್ಣಗಾದ ಮೇಲೆ ನೋಡಿದರೆ ಜೀಪು ಇರಲಿಲ್ಲ. ಕೈದಿಯನ್ನು ವಾಪಸು ಒಯ್ಯುವುದು ಯಾರಿಗೂ ನೆನಪಿರಲಿಲ್ಲ. ಅವತ್ತೇ ರಂಜನಿ ಮೇಷ್ಟ್ರನ್ನು ಶಾಲೆಯ ನೆಲಮಾಳಿಗೆಗೆ ಸಾಗಿಸಿ, ಗಾಯಾಳುಗಳ ನಡುವೆ ಮಲಗಿಸಿದಳು.

ಪರ್ತ್‌ಗೆ ಬಂದ ಮೇಲೆ ಎಲ್ಲರೂ ಸೈನಿಕರ ಬಗ್ಗೆ, ಬಾಂಬುಗಳ ಬಗ್ಗೆ ಕೇಳಿದರು. ಅವಳು ಚುಟುಕಾಗಿ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದಳು. ಸಂಸ್ಥೆಯವರು ಬ್ರಿಸ್ಬೇನ್‌ನ ಸಭೆಗೆ ಕರೆದು ಸನ್ಮಾನ ಮಾಡುತ್ತೇವೆಂದಾಗ ಮಾತ್ರ ಅವಳ ಬಾಯಿ ತೆರೆಯಿತು.

"ನನ್ನ ಕುತ್ತಿಗೇಲಿ ನಿಮ್ಮ ಗುರುತಿನ ಕಾರ್ಡ್ ಇತ್ತು, ಇನ್ಶೂರೆನ್ಸ್ ಇತ್ತು, ಫೋನ್ ಇತ್ತು. ನನ್ನ ಮಾತನ್ನ ಬಾಯಲ್ಲಿ ಹೊತ್ತವರಿಗೆ ಏನೂ ಇರಲಿಲ್ಲ. ದುಭಾಷಿಗಳಿಗೆ ಇವೆಲ್ಲ ಸಿಗೋವರೆಗೂ ನನ್ನನ್ನ ಕರೀಬೇಡಿ."

ಮೊದಲು ನಗೆ, ಆಮೇಲೆ ಸಬೂಬು, ಆಮೇಲೆ ಮೌನ. ಅವಳು ಬಿಡಲಿಲ್ಲ, ಅಡಿಲೇಡಿನ ಹಳೆಯ ಗೆಳೆಯರನ್ನೂ ಕೂಡಿಸಿಕೊಂಡು ಒಂದು ವರ್ಷಕ್ಕೂ ಮಿಕ್ಕಿ ಹಿಂದೆ ಬಿದ್ದಳು. ನಿಯಮ ಬದಲಾಯಿತು. ಮೇಷ್ಟ್ರಿಗೂ ಒಂದು ಕಾರ್ಡ್ ಹೋಯಿತು, ಮಂಡಿಯ ಆಪರೇಷನ್ನಿಗೆ ನೆರವೂ ಹೋಯಿತು. ಅಷ್ಟು ಹೊತ್ತಿಗೆ ಅವರು ಹೊಸ ತಗಡಿನ ಸೂರಿನಡಿ ಮತ್ತೆ ಪಾಠ ಹೇಳುತ್ತಿದ್ದರು.

"ಯುದ್ಧ ಮುಗಿದ ಮೇಲೆ ಈ ಕಾರ್ಡ್ ಏಕೆ?" ಎಂದು ವಿಡಿಯೋ ಕಾಲ್‌ನಲ್ಲಿ ನಕ್ಕರು.

"ಇಟ್ಕೊಂಡಿರಿ ಮೇಷ್ಟ್ರೆ," ಎಂದಳು ರಂಜನಿ. ಆ ಹೆಸರು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

"ಏನಂದಿರಿ ಕೊನೆಗೆ? ಅದು ಯಾವ ಪದ?"

ಅವಳು ಅರ್ಥ ಹೇಳಿದಳು. ಅವರು ಎರಡು ಸಲ ಉಚ್ಚರಿಸಿ ನೋಡಿ, ಮಕ್ಕಳು ಕಾಯುತ್ತಿದ್ದಾರೆಂದು ಫೋನ್ ಇಟ್ಟರು.